ಎರಡೂ ಮೊಲದವೇ

ನಾನು ಹೊಸದೇನನ್ನೋ ಕಂಡುಹಿಡಿದಿದ್ದೇನೆ ಎಂಬ ಸುದ್ದಿ ನಮ್ಮ ಗೈಡ್‌ಗಿಂತ ಮೊದಲು ಆರ್.ಟಿ. ನಗರದ ನಮ್ಮ ಬೀದಿಗೆ ತಲುಪಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವ ಅಮ್ಮ, ಅಳತೆ ಕೊಡಲು ಬಂದವರಿಗೆಲ್ಲ ಹೇಳಿದ್ದಳು. ಎದುರು ಮನೆಯ ಚಾಚಿ ಒಂದು ಡಬ್ಬಿ ಫಿರ್ನಿ ಕಳಿಸಿದ್ದರು. ಸ್ವಲ್ಪವೂ ಸಂಕೋಚವಿಲ್ಲದೆ ತಿಂದೆ.

ಯಲಹಂಕದಾಚೆಯ ಲ್ಯಾಬಿನಲ್ಲಿ ನನ್ನ ಪಿಎಚ್‌ಡಿ. ಒಂದು ಜೀವಕೋಶ ಎರಡಾಗುವಾಗ ಕ್ರೋಮೋಸೋಮುಗಳು ಸರಿಯಾಗಿ ಪಾಲಾಗದಿರುವುದು ಯಾಕೆ ಎಂಬುದೇ ನನ್ನ ತಲೆನೋವು. ಅಲ್ಲಿರುವ ಎರಡು ಪ್ರೋಟೀನುಗಳು ಕೊನೆಗೆ ಬೇರೆಯಾಗುತ್ತವೆ ಎಂದು ಎಲ್ಲರೂ ನಂಬಿದ್ದರು. ನನ್ನ ಸ್ಲೈಡಿನಲ್ಲಿ ಮಾತ್ರ ಅವುಗಳಿಗೆ ಹಾಕಿದ ಕೆಂಪು, ಹಸಿರು ಬಣ್ಣ ಎರಡೂ ಕೊನೆವರೆಗೆ ಒಂದರ ಮೇಲೊಂದು ಕೂತಿದ್ದವು. ಮರುದಿನ ಬೆಳಗ್ಗೆ ಅದನ್ನು ಇಡೀ ವಿಭಾಗಕ್ಕೆ ತೋರಿಸಬೇಕಿತ್ತು. ನಾಲ್ಕು ವರ್ಷ ಏನೂ ಸಿಗದೆ ಒದ್ದಾಡಿದ್ದೆ, ಈಗ ನನ್ನ ಮಾನ ಆ ಸ್ಲೈಡಿನ ಮೇಲೆ ನಿಂತಿತ್ತು.

ಸಂಜೆ ಹುಕ್ಕು ಹಾಕುತ್ತಾ ಅಮ್ಮ ಕೇಳಿದಳು, "ಬಿಡಿಸಿ ಹೇಳೇ, ಚಾಚಿ ಕೇಳಿದ್ರೆ ಏನ್ ಹೇಳ್ಲಿ?"

ಒಂದೊಂದು ಪ್ರೋಟೀನನ್ನು ಹಿಡಿಯಲು ಒಂದೊಂದು ಆಂಟಿಬಾಡಿ, ಅವನ್ನು ಮೊಲದ ರಕ್ತದಿಂದ ತೆಗೆದಿರುತ್ತಾರೆ, ಆಮೇಲೆ ಹಾಕುವ ಬಣ್ಣದ ಆಂಟಿಬಾಡಿ ಹೋಗಿ ಆ ಮೊಲದ್ದನ್ನು ಹಿಡಿದು ಹೊಳೆಯುತ್ತದೆ ಎಂದು ವಿವರಿಸಿದೆ.

"ಎರಡೂ ಮೊಲದ್ದೇನಾ?"

"ಹೂಂ."

"ಕೆಂಪೂ ಮೊಲದ್ದನ್ನೇ ಹಿಡಿಯುತ್ತೆ, ಹಸಿರೂ ಮೊಲದ್ದನ್ನೇ?"

"ಹೂಂ ಅಂದ್ನಲ್ಲ!"

"ಮತ್ತೆ ಯಾವ್ದು ಯಾರ್ದು ಅಂತ ಬಣ್ಣಕ್ಕೆ ಹೆಂಗ್ ಗೊತ್ತಾಗುತ್ತೆ? ಇಬ್ರು ಒಂದೇ ಥರ ಬಟ್ಟೆ ತಂದ್ರೆ ನಾನೇ ಹೆಸರು ಬರ್ದು ಚೀಟಿ ಚುಚ್ತೀನಿ."

"ನಿಂಗಿದೆಲ್ಲ ಅರ್ಥ ಆಗಲ್ಲ ಬಿಡಮ್ಮ!" ಎಂದು ರೇಗಿ ಬಚ್ಚಲಿಗೆ ಹೋದೆ. ಮುಖಕ್ಕೆ ಸೋಪು ಹಚ್ಚಿದ್ದೆನಷ್ಟೇ, ಅವಳು ಕೇಳಿದ್ದು ತಲೆಗೆ ಹೊಕ್ಕಿತು. ಬೇರೆ ಬೇರೆ ಸ್ಲೈಡಿಗೆ ಹಾಕಬೇಕಾದ ಎರಡು ಮೊಲದ ಆಂಟಿಬಾಡಿಗಳನ್ನೂ ಅವಸರದಲ್ಲಿ ಒಂದಕ್ಕೇ ಸುರಿದಿದ್ದೆ. ಎರಡು ಬಣ್ಣವೂ ಎರಡು ಪ್ರೋಟೀನನ್ನೂ ಹಿಡಿದಿದ್ದವು. ಒಟ್ಟಿಗೆ ಕಾಣದೆ ಇನ್ನೇನು, ನನ್ನ ತಲೆ! ಒಂದೇ ಸ್ಲೈಡಿಗೆ ಹಾಕುವುದಾದರೆ ಎರಡರಲ್ಲಿ ಒಂದು ಇಲಿಯದ್ದಾಗಿರಬೇಕು ಎಂದು ಮೊದಲ ವರ್ಷದವರಿಗೂ ಗೊತ್ತು.

ಸೋಪು ಮುಖದಲ್ಲೇ ಗೈಡ್‌ಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರು ಕೇಳಿದ್ದು ಒಂದೇ.

"ಯಾರ್ರೀ ಕಂಡುಹಿಡಿದಿದ್ದು?"

"ನಮ್ಮಮ್ಮ, ಸರ್. ಬ್ಲೌಸ್ ಹೊಲೀತಾರೆ."

"ನಾಳೆ ಅವರನ್ನೇ ಕಳಿಸಿ," ಎಂದು ಫೋನ್ ಇಟ್ಟರು.

ಅಮ್ಮನ ಪಕ್ಕ ಕೂತು ಅತ್ತೇಬಿಟ್ಟೆ. ಸ್ಲೈಡಿಗಿಂತ ಹೆಚ್ಚಾಗಿ, ಅವಳ ಮೇಲೆ ರೇಗಿದ್ದಕ್ಕೆ ನಾಚಿಕೆಯಾಗಿತ್ತು. ಸೆರಗಿನಿಂದ ನನ್ನ ಮುಖದ ಸೋಪು ಒರೆಸಿದಳು.

"ಬೀದಿಯವರಿಗೆಲ್ಲ ಈಗ ಏನಂತೀಯಮ್ಮ? ಮಗಳು ತಪ್ಪು ಮಾಡಿದ್ಲು ಅಂತಾನಾ?"

"ಅದ್ಯಾಕ್ ಹೇಳ್ಲಿ?" ಅಮ್ಮ ಮತ್ತೆ ಸೂಜಿಗೆ ದಾರ ಪೋಣಿಸಿದಳು. "ನಾನ್ ಕಂಡುಹಿಡಿದೆ ಅಂತೀನಿ."