ದಾಸವಾಳಕ್ಕೊಂದು ಕಾವಲು ದೀಪ

ಬೆಳಗಿನ ಜಾವ ಐದೂವರೆಗೆ ಫೋನು ಕಿರುಚಿತು: ಕಾಂಪೌಂಡಿನ ಹತ್ತಿರ ಯಾರೋ ಇದ್ದಾರೆ! ನಮ್ಮ ದಾಸವಾಳ ಕದಿಯುವವರನ್ನು ಹಿಡಿಯಲೆಂದೇ ಹಿಂದಿನ ಸಂಜೆ ಏಣಿ ಹತ್ತಿ, ಯಾರಾದರೂ ಸುಳಿದರೆ ತಾನೇ ಹೊತ್ತಿಕೊಂಡು ಫೋನಿಗೂ ಸುದ್ದಿ ಮುಟ್ಟಿಸುವ ಸ್ಮಾರ್ಟ್ ಲೈಟ್ ಹಾಕಿದ್ದೆ. ಕೋಲು ಹಿಡಿದು ಹೊರಗೋಡಿದೆ.

ಆ ಝಗಮಗ ಬೆಳಕಿನಲ್ಲಿ ಪಕ್ಕದ ಮನೆಯ ಜಯಮ್ಮನವರು ಬುಟ್ಟಿ ಸಮೇತ ನಿಂತಿದ್ದರು. ಓಡುವುದಿರಲಿ, ಹಿಡಿದ ಕೊಂಬೆಯನ್ನೂ ಬಿಡಲಿಲ್ಲ.

“ಒಳ್ಳೆ ಕೆಲ್ಸ ಮಾಡ್ದೆ ಕಣಪ್ಪ. ಕತ್ಲಲ್ಲಿ ಮೊಗ್ಗು ಯಾವ್ದು, ಊವು ಯಾವ್ದು ಅಂತ ಗೊತ್ತಾಯ್ತಿರ್ಲಿಲ್ಲ. ಆದ್ರೆ ಬುಟ್ಟಿ ತುಂಬೋಕ್ ಮುಂಚೇನೇ ಆರೋಯ್ತದೆ. ವಸಿ ಜಾಸ್ತಿ ಒತ್ತು ಉರಿಯೋ ಅಂಗೆ ಮಾಡ್ಬುಡು.”

ಮಾಡಿಬಿಟ್ಟೆ. ಆ್ಯಪಿನಲ್ಲಿ ಅರ್ಧ ನಿಮಿಷವಿದ್ದದ್ದು ಈಗ ಐದು ನಿಮಿಷ. ಜಯಮ್ಮನವರ ದೇವರು ದಿನವೂ ದಾಸವಾಳದಲ್ಲಿ ಮುಳುಗಿರುತ್ತಾನೆ. ನಮ್ಮ ದೇವರಿಗೆ ನಾನು ಮಳವಳ್ಳಿ ಪೇಟೆಯಿಂದ ಹೂವು ತರುತ್ತೇನೆ.