ಬೀದಿಯಲ್ಲಿ ಅಕ್ಕ ಒಬ್ಬಳೇ

ಅಕ್ಕನ ಪಟದ ಚೌಕಟ್ಟಿನ ಹಿಂದಿನ ರಟ್ಟು ಬಿಚ್ಚಿದ್ದೇ ತಡ, ಹೈಪೋ ದ್ರಾವಣದ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಶಿರಸಿಯ ನಮ್ಮ ಮನೆಗೆ ಇದೇ ವಾಸನೆಯಿತ್ತು. ಮುಂದಿನ ಕೋಣೆ ಅಪ್ಪಯ್ಯನ ಸ್ಟುಡಿಯೋ, ಅಡಿಗೆಮನೆಯ ಪಕ್ಕದ ಉಗ್ರಾಣ ಫೋಟೋ ತೊಳೆಯುವ ಕತ್ತಲೆಕೋಣೆ. ಅಮ್ಮ ಮಾಡಿದ ತಂಬುಳಿಯೂ ಹೈಪೋ ನಾರುತ್ತದೆಂದು ಅಕ್ಕ, ನಾನು ಮೂಗು ಹಿಡಿದು ನಗುತ್ತಿದ್ದೆವು. ವಾರವೆಲ್ಲ ಊರವರ ಮುಖ ತೆಗೆದು ಬೇಸತ್ತ ಅಪ್ಪಯ್ಯ ಭಾನುವಾರ ನಸುಕಿಗೇ ಎದ್ದು, ಇನ್ನೂ ಬಾಗಿಲು ತೆರೆಯದ ಹಳೆಯ ಬೀದಿಗಳನ್ನು ಕಪ್ಪು-ಬಿಳುಪಿನಲ್ಲಿ ಹಿಡಿಯಲು ಹೋಗುತ್ತಿದ್ದ. ನಮ್ಮನ್ನು ಕರೆದೊಯ್ದದ್ದು ಒಂದೇ ಸಲ. "ಅಲ್ಲೆಲ್ಲಾದ್ರೂ ಕೂತ್ಗಳಿ" ಎಂದವನು ನಮ್ಮತ್ತ ತಿರುಗಿಯೂ ನೋಡಲಿಲ್ಲ. ಮಬ್ಬು ಬೆಳಕಿಗೆ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕು. ಅಲುಗದೆ ಕೂತದ್ದು ಮಾತ್ರ ಮೂಡುತ್ತದೆ. ದೂರದ ಜಗುಲಿಯ ಮೆಟ್ಟಿಲಲ್ಲಿ ಕೂತ ಅಕ್ಕ "ಹಂದಾಡಡ ಕೂಸೆ, ಪಟದಲ್ಲಿ ಬತ್ತಿಲ್ಲೆ" ಎಂದು ಪಿಸುಗುಟ್ಟಿದಳು. ನಾನೋ, ಹಾಲಿನವನ ಸೈಕಲ್ಲು ಕಂಡು ಎದ್ದು ಓಡಿದೆ.

ಅಕ್ಕ ಮೂಡಿದಳು, ನಾನು ಮೂಡಲಿಲ್ಲ. ಸಿದ್ದಾಪುರದ ತನ್ನ ಮನೆಗೆ ಬಂದವರಿಗೆಲ್ಲ ಆ ಪಟ ತೋರಿಸಿ, "ಅಪ್ಪಯ್ಯನ ಬೀದಿಲಿ ಇಪ್ಪದು ಆನೊಂದೇಯ" ಎಂದು, ತಾನೊಬ್ಬಳೇ ಇರುವುದಕ್ಕೆ ಬೀಗುತ್ತಿದ್ದಳು. ನನ್ನ ಹೊಟ್ಟೆ ಉರಿಯುತ್ತಿತ್ತು. ಹಳೆಯ ಬಾಗಿಲು, ಮಂಚಗಳ ವ್ಯಾಪಾರವನ್ನು ಯಲ್ಲಾಪುರದಲ್ಲಿ ಒಬ್ಬಳೇ ನಿಂತು ಕಟ್ಟಿದವಳು ನಾನು. ಎಂಥ ಜಿಪುಣರನ್ನೂ ಒಪ್ಪಿಸಿದ್ದೇನೆ. ಅಕ್ಕನ ಮುಂದೆ ನಡೆಯಲಿಲ್ಲ. ಪಟಕ್ಕೆ ಬದಲಾಗಿ ಬೀಟೆಮರದ ತೊಟ್ಟಿಲು ಕೊಡುತ್ತೇನೆಂದರೆ, "ಎಂತ ಮಾಡ್ಲೇ ಅದ್ರ? ನೀ ಬಂದು ಮನಗ್ತ್ಯ?" ಎಂದು ನಕ್ಕಳು. ಈಗ ಚೌಕಟ್ಟಿಗೆ ಒರಲೆ ಹುಳು ಹತ್ತಿ ಮರ ತಿಂದಿದ್ದರಿಂದ, ಹೊಸದು ಹಾಕಿಸಲು ತಾನಾಗಿ ನನ್ನ ಕೈಗೆ ಕೊಟ್ಟಿದ್ದಳು. ನಕಲು ಮಾಡಿಸಿ ಅವಳಿಗೆ ಕೊಟ್ಟು, ಅಸಲು ನಾನಿಟ್ಟುಕೊಳ್ಳುವುದೆಂದು ನಿಶ್ಚಯಿಸಿದ್ದೆ.

ಹಳೆಯ ಪಟ ಕೊಳ್ಳುವವರಿಗೆ ನನ್ನದೊಂದು ಮಾತು: ಮುಖಕ್ಕೆ ಮರುಳಾಗಬೇಡಿ, ಮೊದಲು ಬೆನ್ನು ನೋಡಿ. ನಾನೂ ತಿರುಗಿಸಿದೆ. ಅಪ್ಪಯ್ಯನ ಪೆನ್ಸಿಲ್ಲಿನ ಅಕ್ಷರ: 'ನಸುಕು. ಬೀದಿ ಖಾಲಿ. ಒಬ್ರೂ ಇಲ್ಲೆ. ಚೊಲೋ ಬೈಂದು.' ಪಟ ಚೆನ್ನಾಗಿ ಬಂದಿದೆಯಂತೆ. ಮತ್ತೆ ಮುಖ ನೋಡಿದೆ. ಮೆಟ್ಟಿಲಲ್ಲಿ ಅಕ್ಕ, ಎರಡು ಜಡೆ, ಉಸಿರು ಬಿಗಿಹಿಡಿದು ಕೂತಿದ್ದಳು. ಅಪ್ಪಯ್ಯನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ? ಹೇಳಿಯೇ ಬಿಡೋಣವೆಂದು ಫೋನು ಮಾಡಿದೆ. ಎತ್ತಿದವಳೇ ಅಕ್ಕ, "ಎಂತ ಆತೇ? ಪಟಕ್ಕೂ ಒರಲೆ ಹತ್ತಿದ್ದನೇ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮತ್ತೊಮ್ಮೆ ಅದನ್ನೇ ಕೇಳಿದಳು. ಅಪ್ಪಯ್ಯ ಇಲ್ಲ, ಆ ಮನೆ ಇಲ್ಲ, ಆ ಜಗುಲಿಯ ಜಾಗದಲ್ಲಿ ಮೊಬೈಲ್ ಅಂಗಡಿ. ನಮಗಿಬ್ಬರಿಗೂ ದಕ್ಕದ ಅವನ ನೋಟವನ್ನೆಲ್ಲ ಆ ಖಾಲಿ ಬೀದಿಯೇ ನುಂಗಿತ್ತು. ನನಗೆ ಮೊದಲ ಸಲ ಬೀದಿಯ ಮೇಲೆ ಹೊಟ್ಟೆಕಿಚ್ಚಾಯಿತು.

"ಇಲ್ಯೇ ಅಕ್ಕ," ಎಂದೆ, "ನೀ ಚೊಲೋ ಬೈಂದೆ."

ಆಮೇಲೆ ಅಸಲು ಪಟವನ್ನೇ ಅಕ್ಕನ ಹೊಸ ಚೌಕಟ್ಟಿಗೆ ಕೂರಿಸಿ, ಅಪ್ಪಯ್ಯನ ಅಕ್ಷರ ಮುಚ್ಚುವಂತೆ ಬೆನ್ನಿಗೆ ಹೊಸ ರಟ್ಟು ಇಟ್ಟು, ಸುತ್ತಲೂ ಮೊಳೆ ಹೊಡೆದೆ.