ಉಬ್ಬಿದ ಡಬ್ಬಿ, ಬಯಕೆಯ ತುತ್ತು

ಗಿರಿಜಾ, ಮಂಜು, ಹೋದ ಭಾನುವಾರ ಹೊಳಲ್ಕೆರೆಯಲ್ಲಿ, ಹೆಂಗಸರು ತುಂಬಿದ್ದ ನಡುಮನೆಯಲ್ಲಿ, ನನ್ನ ಮಗಳು, ನಿಮ್ಮ ಸರೋಜತ್ತೆ ಬಾಯಿಗೆ ಇಡಲಿದ್ದ ತುತ್ತನ್ನು ನಾನು ಕೈ ಹಿಡಿದು ನಿಲ್ಲಿಸಿದೆ.

ಅದೂ ಅವಳ ಬಯಕೆ ಊಟದ ದಿನ. ಅದೂ ಅವಳ ಅತ್ತೆಯ ಎದುರಿಗೆ.

ಯಾರು ನಂಬುತ್ತಾರೆ? ಬಸ್ಸಿನಲ್ಲಿ ನಮ್ಮೂರು ಬಂದರೂ ಕಂಡಕ್ಟರಿಗೆ ಹೇಳಲು ನಾಚಿ, ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದು ಬಂದವಳು ನಾನು. (ನಿಮ್ಮಪ್ಪ ಇದನ್ನು ಹೇಳಿಕೊಂಡು ಈಗಲೂ ನಗುತ್ತಾನೆ.) ಅಂಥವಳಿಗೆ ಅಷ್ಟು ಧೈರ್ಯ ಬರಬೇಕಾದರೆ ನಡೆದದ್ದು ಏನು? ನಿಮಗೆ ಯಾರು ಯಾರೋ ಒಂದೊಂದು ಥರ ಹೇಳಿದ್ದಾರಂತೆ. ಪತ್ರಿಕೆಯ ಈ ವಾರದ ಪುಟದಲ್ಲಿ ನಿಮ್ಮ ಅಜ್ಜಿ ನಾನೇ ಹೇಳುತ್ತೇನೆ.

ಮೊದಲು ಹಾಲಮ್ಮನವರ ವಿಷಯ. ಅವರು ಸರೋಜಳ ಅತ್ತೆ, ನನ್ನ ಬೀಗಿತ್ತಿ. ಮಾತು ಒರಟು, ಮನಸ್ಸು ಬೆಣ್ಣೆ. ಚಳಿಗಾಲದಲ್ಲಿ ಸೊಗಡು ಅವರೆಕಾಯಿ ಬಂದಾಗ ಸರೋಜಳಿಗೆ ಮೂರನೇ ತಿಂಗಳು. ಅವಳಿಗೆ ಹಿತಕಿದ ಅವರೆಬೇಳೆ ಎಂದರೆ ಪ್ರಾಣ. ಆದರೆ ಆಗ ಒಗ್ಗರಣೆಯ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಡುತ್ತಿದ್ದಳು.

ಹಾಲಮ್ಮನವರಿಗೆ ಒಂದೇ ಚಿಂತೆ. ‘ಈಗ ತಿನ್ನಕಾಗಲ್ಲ. ಏಳ್ನೇ ತಿಂಗಳಾಗೆ ಕೇಳೇ ಕೇಳ್ತಾಳೆ. ಬ್ಯಾಸಿಗ್ಯಾಗೆ ಅವರೆ ಎಲ್ಲಿಂದ ತರಾಣ?’

ಅದಕ್ಕೆ ಅವರು ಕಂಡುಕೊಂಡ ಉಪಾಯ ಕೇಳಿ. ಅವರ ಕಿರಿಯ ಮಗ ಮಿಲಿಟರಿಯಲ್ಲಿದ್ದಾನೆ. ಅವನಿಗೆ ತುಪ್ಪ ಕಳುಹಿಸುವಾಗ ತಗಡಿನ ಡಬ್ಬಿಗೆ ತುಂಬಿ, ಪೇಟೆಯಲ್ಲಿ ತಗಡಿನ ಕೆಲಸದವರ ಹತ್ತಿರ ಮುಚ್ಚಳಕ್ಕೆ ಸುತ್ತಲೂ ಬೆಸುಗೆ ಹಾಕಿಸುತ್ತಾರೆ. ಎಷ್ಟು ದೂರ ಹೋದರೂ ತುಪ್ಪ ಕೆಡುವುದಿಲ್ಲ. ಹಾಗಾದರೆ ಅವರೆಬೇಳೆ ಯಾಕೆ ಕೆಡಬೇಕು? ಹದವಾಗಿ ಮಸಾಲೆಯಲ್ಲಿ ಬೇಯಿಸಿ, ಡಬ್ಬಿಗೆ ತುಂಬಿ, ಮೇಲೆ ದಪ್ಪಗೆ ತುಪ್ಪ ಹುಯ್ದು, ಬೆಸುಗೆ ಹಾಕಿಸಿ ಅಟ್ಟದ ಮೇಲೆ ಇಟ್ಟುಬಿಟ್ಟರು. ಸೊಸೆಗೆ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಬಯಕೆ ಊಟದ ದಿನ ಎಲ್ಲರೂ ಬೆರಗಾಗಬೇಕು ಎಂದು ಅವರ ಆಸೆ.

ಯಾವ ಅತ್ತೆ ಸೊಸೆಗಾಗಿ ಇಷ್ಟು ಮಾಡುತ್ತಾಳೆ? ಹೇಳಿ.

ಭಾನುವಾರ ಬೆಳಿಗ್ಗೆ ಡಬ್ಬಿ ಅಟ್ಟದಿಂದ ಇಳಿಯಿತು. ಹಾಲಮ್ಮನವರು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಹಚ್ಚಿ ಅಡುಗೆಮನೆಯಲ್ಲಿ ಇಟ್ಟರು. ನಾನು ಅಲ್ಲೇ ಒಲೆಯ ಪಕ್ಕ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದೆ.

ಡಬ್ಬಿಯ ಮುಚ್ಚಳ ಚಪ್ಪಟೆಯಾಗಿ ಇರಲಿಲ್ಲ. ಪೂರಿಯ ಹಾಗೆ ಉಬ್ಬಿತ್ತು. ತಳವೂ ಉಬ್ಬಿ, ನೆಲದ ಮೇಲೆ ಡಬ್ಬಿ ಅಲ್ಲಾಡುತ್ತಿತ್ತು.

ಪಕ್ಕದ ಮನೆಯ ಪಾರ್ವತಕ್ಕ ನೋಡಿ ನಕ್ಕರು. ‘ಅಯ್ಯ, ಸೊಸೆ ಜತಿಗೆ ಡಬ್ಬೀನೂ ಬಸುರಿ ಆಗೈತಲ್ಲೇ ಹಾಲಿ. ಅದಕ್ಕೂ ಒಂದ್ ಸೀರೆ ಉಡ್ಸಿ ಕುಂದ್ರಿಸು.’

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಈಳಿಗೆಮಣೆಯ ಮೇಲೆ ಸೌತೆಕಾಯಿ ಹಿಡಿದ ಕೈ ಅಲ್ಲೇ ನಿಂತಿತು.

ಯಾಕೆಂದರೆ ಹೋದ ವರ್ಷ ಹಿರಿಯೂರಿನ ನಮ್ಮ ಮಹಿಳಾ ಮಂಡಳಿಯಲ್ಲಿ ಹಣ್ಣು ತರಕಾರಿ ಕೆಡದಂತೆ ಇಡುವ ಕ್ಲಾಸ್ ನಡೆದಿತ್ತು. ಬ್ಲಾಕ್ ಆಫೀಸಿನಿಂದ ಒಬ್ಬ ಟೀಚರಮ್ಮ ಬಂದಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಬಂದವಳು. ಆದರೆ ಕಿವಿ ತೆರೆದೇ ಇತ್ತು. ಹುಳಿ ಇರುವ ಪದಾರ್ಥಗಳನ್ನು, ಅಂದರೆ ನಿಂಬೆ, ಮಾವು, ಟೊಮೆಟೊಗಳನ್ನು ಅವರು ಹೇಳಿಕೊಟ್ಟ ಹಾಗೆ ಮನೆಯಲ್ಲೇ ಕುದಿಸಿ ಬಾಟಲಿಗೆ ತುಂಬಬಹುದು. ಕಾಳು, ಬೇಳೆ, ತರಕಾರಿ, ಮಾಂಸಗಳಲ್ಲಿ ಹುಳಿ ಇಲ್ಲ. ಅವುಗಳಲ್ಲಿ ಇರುವ ಒಂದು ಬಗೆಯ ಕ್ರಿಮಿಯ ಬೀಜ ನಮ್ಮ ಒಲೆಯ ಕುದಿತಕ್ಕೆ ಸಾಯುವುದಿಲ್ಲ. ಗಾಳಿಯಾಡದಂತೆ ಮುಚ್ಚಿಟ್ಟರೆ ಅದಕ್ಕೆ ಇನ್ನೂ ಹಿತ. ಒಳಗೇ ಬೆಳೆದು ವಿಷ ಮಾಡುತ್ತದೆ. ತುಪ್ಪದಲ್ಲಿ ನೀರಿನ ಪಸೆ ಇಲ್ಲ, ಅದಕ್ಕೇ ಅದು ಉಳಿಯುತ್ತದೆ. ಬೇಳೆಯ ಮೇಲೆ ತುಪ್ಪ ಹುಯ್ದರೆ ಗಾಳಿಗೆ ಇನ್ನೊಂದು ಬಾಗಿಲು ಹಾಕಿದಂತೆ, ಅಷ್ಟೆ.

ಟೀಚರಮ್ಮ ಇನ್ನೂ ಒಂದು ಹೇಳಿದ್ದರು. ಉಬ್ಬಿದ ಡಬ್ಬಿಯಲ್ಲಿರುವುದನ್ನು ಕೆಟ್ಟಿದೆಯೋ ಇಲ್ಲವೋ ಎಂದು ನೋಡಲು ಸಹ ನಾಲಿಗೆಗೆ ತಾಗಿಸಬೇಡಿ. ವಾಸನೆ ಚೆನ್ನಾಗಿರಬಹುದು, ರುಚಿಯೂ ಚೆನ್ನಾಗಿರಬಹುದು. ಆಮೇಲೆ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ಗಂಟಲಲ್ಲಿ ನೀರು ಇಳಿಯುವುದಿಲ್ಲ, ಕೊನೆಗೆ ಉಸಿರೇ ನಿಲ್ಲುತ್ತದೆ.

ಹಾಲಮ್ಮನವರು ಉಳಿ ಇಟ್ಟು ಮುಚ್ಚಳಕ್ಕೆ ಹೊಡೆದರು. ಸುಯ್ ಎಂದು ಗ್ಯಾಸ್ ಹೊರಬಿತ್ತು. ತುಪ್ಪ ಬೆರೆತ ಸಾರು ಅವರ ಸೆರಗಿಗೆ ಸಿಡಿಯಿತು.

‘ನೋಡ್ರಿ, ವಾಸ್ನೆ ಹೆಂಗೈತೆ. ಇವತ್ತು ಮಾಡ್ದಂಗೈತೆ’ ಎಂದರು.

ನಿಜ. ವಾಸನೆ ಘಮ್ಮೆನ್ನುತ್ತಿತ್ತು. ನನ್ನ ಭಯ ಹೆಚ್ಚಾದದ್ದೇ ಆಗ. ಹಳಸಿದ ನಾತ ಬಂದಿದ್ದರೆ ಅವರೇ ಎಸೆಯುತ್ತಿದ್ದರಲ್ಲವೇ?

ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ‘ಅಕ್ಕಾ, ಡಬ್ಬಿ ಉಬ್ಬೈತೆ. ಉಬ್ಬಿದ್ದು ಉಣ್ಣಬಾರ್ದಂತೆ. ಇದು ಬ್ಯಾಡ.’

‘ಅಟ್ಟದ ಮ್ಯಾಲೆ ಕಾವು ಬೀಗ್ರೆ. ಹೆಂಚಿನ ಮನೆ. ನಾವೇ ಉಬ್ತೀವಿ, ಡಬ್ಬಿ ಉಬ್ಬಲ್ವಾ? ಒಂದ್ ಕುದಿ ಕುದಿಸ್ತೀನಿ ಬಿಡ್ರಿ.’

ಮತ್ತೆ ಕುದಿಸಿದರೂ ನಂಬಿ ಉಣ್ಣಬೇಡಿ ಎಂದು ಕ್ಲಾಸಿನಲ್ಲಿ ಹೇಳಿದ್ದರು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಡುಮನೆಯಿಂದ ಕೂಗು ಬಂತು. ಆರತಿಗೆ ಹೊತ್ತಾಯಿತು, ತಟ್ಟೆ ತನ್ನಿ ಎಂದು. ಬೇಳೆ ಕುದಿಯಲೂ ಇಲ್ಲ. ಉಗುರು ಬೆಚ್ಚಗಾದದ್ದೇ ತಟ್ಟೆಗೆ ಬಡಿಸಿ ಒಯ್ದರು.

ಯಾರೂ ರುಚಿ ನೋಡಲಿಲ್ಲ. ಆ ಮನೆಯಲ್ಲಿ ಬಯಕೆಯ ಅಡುಗೆಯನ್ನು ಬಸುರಿಗಿಂತ ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ. ಉಪ್ಪು ನೋಡುವುದೂ ಇಲ್ಲ. ಮೊದಲ ತುತ್ತು ಅವಳದೇ. ಅದನ್ನು ಚೆಲ್ಲಿದರೆ ಹೊಟ್ಟೆಯ ಕೂಸಿಗೆ ಆಗದು ಎಂಬ ನಂಬಿಕೆ ಬೇರೆ.

ನಾನು ಎಲ್ಲಿದ್ದೆ? ಅಡುಗೆಮನೆಯ ಹೊಸ್ತಿಲಿನ ಒಳಗೆ. ನಿಮ್ಮ ತಾತ ಹೋದ ಮೇಲೆ ಶುಭಕಾರ್ಯದಲ್ಲಿ ನನ್ನ ಜಾಗ ಅದು. ಯಾರೂ ಕೂರಿಸಿದ್ದಲ್ಲ, ನಾನೇ ಕೂರುತ್ತೇನೆ. ಕೂತು ಕೂತು ರೂಢಿಯಾಗಿದೆ. ಮಗಳಿಗೆ ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಮಲ್ಲಿಗೆ. ಹಾಡು ನಡೆದಿತ್ತು. ತಟ್ಟೆ ನೋಡಿ ಅವಳ ಮುಖ ಅರಳಿತು.

‘ಅತ್ತೆ, ಅವರೆಬ್ಯಾಳೆ? ಈ ಬಿಸಿಲಾಗೆ?’

‘ಉಣ್ಣು ನಮ್ಮವ್ವ. ನಿನಗೇ ಅಂತ ಇಟ್ಟಿದ್ದು.’

ಅವಳು ಅನ್ನ ಕಲಸಿದಳು. ತುತ್ತು ಮಾಡಿದಳು.

ಆ ಹೊತ್ತಿನಲ್ಲಿ ನನ್ನೊಳಗೆ ನಡೆದದ್ದನ್ನು ಹೇಗೆ ಬರೆಯಲಿ? ಹೋದರೆ ಬೀಗಿತ್ತಿಯ ಮಾನ ಹೋಗುತ್ತದೆ. ವಿಧವೆ ಆರತಿಗೆ ಅಡ್ಡ ಬಂದಳು ಎನ್ನುತ್ತಾರೆ. ನಾಳೆ ಆ ಮನೆಯಲ್ಲಿ ಬಾಳಬೇಕಾದವಳು ನನ್ನ ಮಗಳು. ಹೋಗದಿದ್ದರೆ? ಏನೂ ಆಗದೆಯೂ ಇರಬಹುದಿತ್ತು. ಆ ‘ಇರಬಹುದು’ ಎಂಬ ಮಾತಿನ ಮೇಲೆ ಎರಡು ಜೀವ ಕೂತಿದ್ದವು.

ಹೊಸ್ತಿಲು ದಾಟಿದ್ದು ನೆನಪಿಲ್ಲ. ಅವಳ ಮಣಿಕಟ್ಟು ನನ್ನ ಕೈಯಲ್ಲಿ ಇತ್ತು. ಬಳೆಯೊಂದು ಒಡೆಯಿತು.

‘ಬ್ಯಾಡ ಕಣವ್ವ. ಅದನ್ನ ಉಣ್ಣಬ್ಯಾಡ.’

ಹಾಡು ನಿಂತಿತು. ಶುಭದ ದಿನ ಬಳೆ ಒಡೆದದ್ದನ್ನು ಎಲ್ಲರೂ ನೋಡಿದರು. ಪಾರ್ವತಕ್ಕ ಯಾರಿಗೋ ಹೇಳಿದಂತೆ ನನಗೆ ಹೇಳಿದರು. ‘ಇದಕ್ಕೇ ಹಿರೇರು ಅಂದಿದ್ದು, ಒಳಗಿರೋರು ಒಳಗೇ ಇರ್ಲಿ ಅಂತ.’

ಹಾಲಮ್ಮನವರ ಮುಖ ಕೆಂಪಗಾಯಿತು. ‘ಏನ್ ಬೀಗ್ರೆ, ನಾನು ನನ್ ಸೊಸೆಗೆ ವಿಷ ಇಕ್ಕೀನಿ ಅಂತೀರಾ?’

‘ನೀವು ಇಕ್ಕಿಲ್ಲ ಅಕ್ಕಾ. ಅದು ಡಬ್ಬ್ಯಾಗೇ ಹುಟ್ಟಿರ್ತೈತೆ. ಮುಚ್ಚಿದ್ ಡಬ್ಬ್ಯಾಗೆ.’

‘ಇಷ್ಟು ವರ್ಷ ತುಪ್ಪದಾಗೆ ಹುಟ್ಟಿಲ್ಲ, ಇವತ್ತು ಬ್ಯಾಳ್ಯಾಗೆ ಹುಟ್ತಾ? ತಗಳ್ರಿ, ನಾನೇ ತಿಂದ್ ತೋರಿಸ್ತೀನಿ.’

ಅವರು ಬಗ್ಗಿ ತಟ್ಟೆಯಿಂದ ತುತ್ತು ಎತ್ತಿದರು. ನಾನು ಇನ್ನೊಂದು ಕೈಯಿಂದ ಅವರ ಕೈಯನ್ನೂ ಹಿಡಿದೆ. ಹಿಡಿದದ್ದು ಗಟ್ಟಿಯಾಗಿಯೇ. ಒಂದು ಕಡೆ ಮಗಳು, ಒಂದು ಕಡೆ ಬೀಗಿತ್ತಿ, ನಡುವೆ ಆ ತಟ್ಟೆ. ಹಾಲಮ್ಮನವರು ನನಗಿಂತ ಬಲಶಾಲಿ. ಒಮ್ಮೆ ಜಾಡಿಸಿದ್ದರೆ ನಾನು ಬಿದ್ದಿರುತ್ತಿದ್ದೆ. ತುತ್ತು ಅವರ ತುಟಿಯ ಹತ್ತಿರಕ್ಕೆ ಹೋಗಿತ್ತು.

ಸರೋಜ ಮೆಲ್ಲಗೆ ಹೇಳಿದಳು. ‘ಅತ್ತೆ, ನಿಮಗೇನಾದ್ರೂ ಆದ್ರೆ ನನ್ ಕೂಸಿಗೆ ಹೆಸರು ಕರೆಯೋರು ಯಾರು?’

ಅವರ ಕೈ ನಿಧಾನಕ್ಕೆ ಸಡಿಲವಾಯಿತು. ತುತ್ತನ್ನು ತಟ್ಟೆಗೆ ಹಾಕಿದರು. ಒಳಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತರು. ಬೈದಿದ್ದರೆ ಹಗುರಾಗುತ್ತಿತ್ತು.

ಸರೋಜಳ ಕೈ ಸೋಪು ಹಚ್ಚಿ ತೊಳೆಸಿದೆ. ಅವಳು ಹುಳಿಯನ್ನ, ಕೋಸಂಬರಿ, ಹೋಳಿಗೆ ಉಂಡಳು. ಆರತಿ ಆಯಿತು. ಹಾಡು ಮೊದಲಿನ ಹಾಗೆ ಏಳಲಿಲ್ಲ.

ಎಲ್ಲರೂ ಹೋದ ಮೇಲೆ ಹಾಲಮ್ಮನವರು ಕೇಳಿದ ಮೊದಲ ಮಾತು, ‘ಹಸೂಗಾದ್ರೂ ಹಾಕ್ಬಹುದೋ ಇಲ್ವೋ?’

‘ಬ್ಯಾಡ ಅಕ್ಕಾ. ನಾಯಿಗೂ ಬ್ಯಾಡ, ಕೋಳಿಗೂ ಬ್ಯಾಡ.’

‘ನಾಯಿಗೂ ಆಗಲ್ದಂಥಾದ್ದು ಮಾಡಿಟ್ಟಿದ್ನಾ ನಾನು?’

ಮೂಲೆಯಲ್ಲಿದ್ದ ಹಾರೆ ತಂದೆ. ಹಿತ್ತಲ ಬೇಲಿಯ ಹತ್ತಿರ ಗುಂಡಿ ತೆಗೆದೆವು. ಆಳವಾಗಿ. ಹಾರೆ ಅವರೇ ಹಿಡಿದರು. ಡಬ್ಬಿಯ ಸಮೇತ ಹಾಕಿ, ಮಣ್ಣು ಮುಚ್ಚಿ, ನಾಯಿ ಕೆದಕದಂತೆ ಮೇಲೆ ಕಲ್ಲು ಹೇರಿದೆವು. ಪಾತ್ರೆ, ಸೌಟು, ತಟ್ಟೆಗಳನ್ನೂ, ಸಾರು ಸಿಡಿದಿದ್ದ ಅವರ ಸೀರೆಯನ್ನೂ ಕುದಿಯುವ ಸೋಪು ನೀರಿನಲ್ಲಿ ಹಾಕಿದೆವು.

ಕಲ್ಲು ಇಡುವಾಗ ಕೇಳಿದರು. ‘ಮತ್ತೆ ಅವರೆ ಇಡೋದ್ ಹೆಂಗ್ರಿ?’

‘ಬಿಸಿಲಾಗೆ ಗಲಗಲ ಅನ್ನೋ ಹಂಗೆ ಒಣಗಿಸಿ ಇಡ್ರಿ.’

‘ಒಣಗಿಸಿದ್ದಕ್ಕೆ ಹಸೀದರ ರುಚಿ ಬರ್ತೈತಾ?’

‘ಬರಲ್ಲ ಅಕ್ಕಾ.’

‘ಹೂಂ’ ಎಂದರು. ಅಷ್ಟೆ. ಬಸ್ ಸ್ಟ್ಯಾಂಡಿಗೆ ಬಿಡಲು ಅವರು ಬರಲಿಲ್ಲ. ಅಳಿಯ ಬಂದ.

ಅದರಲ್ಲಿ ನಿಜವಾಗಿ ವಿಷ ಇತ್ತೇ? ಗೊತ್ತಿಲ್ಲ ಮಕ್ಕಳೆ. ಯಾರಿಗೂ ಇನ್ನು ಗೊತ್ತಾಗುವುದೂ ಇಲ್ಲ. ಇದರ ಕಷ್ಟವೇ ಅದು. ತಡೆದವಳ ಕೈಯಲ್ಲಿ ಸಾಕ್ಷಿ ಉಳಿಯುವುದಿಲ್ಲ, ಬರೀ ಒಡೆದ ಬಳೆ ಉಳಿಯುತ್ತದೆ. ಹೊಳಲ್ಕೆರೆಯ ಅರ್ಧ ಜನ ನನಗೆ ತಲೆ ಕೆಟ್ಟಿದೆ ಎನ್ನುತ್ತಿರಬಹುದು. ಎನ್ನಲಿ. ಸರೋಜ ಚೆನ್ನಾಗಿದ್ದಾಳೆ ಎಂದು ಗುರುವಾರ ಕಾಗದ ಬಂತು.

ಯೋಚಿಸಿ ನೋಡಿ. ನಾವು ಹೊಟ್ಟೆ ಹಸಿದು ತಿಂದದ್ದಕ್ಕಿಂತ, ಬೇಡ ಎನ್ನಲಾರದೆ ತಿಂದದ್ದು ಹೆಚ್ಚಲ್ಲವೇ? ಬೀಗರು ಬಡಿಸಿದರು, ಬೇಸರ ಮಾಡಿಕೊಂಡಾರು. ಅಕ್ಕಪಕ್ಕದವರು ಕೊಟ್ಟರು, ಏನಂದುಕೊಂಡಾರು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ತಾವಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೇ? (ಈ ಗಾದೆಯ ಅರ್ಥವನ್ನು ಈಗಲೇ ಯಾರನ್ನೂ ಕೇಳಬೇಡಿ. ದೊಡ್ಡವರಾದ ಮೇಲೆ ನನ್ನನ್ನೇ ಕೇಳಿ.) ಪ್ರೀತಿಯಿಂದ ಮಾಡಿದ್ದೆಲ್ಲ ಮೈಗೆ ಒಳ್ಳೆಯದೇ ಎಂದು ನಂಬಿದ್ದೇವೆ. ಕ್ರಿಮಿಗೆ ಪ್ರೀತಿ ಗೊತ್ತಿದೆಯೇ?

ಇದನ್ನು ಬರೆಯುವ ಮುಂಚೆ ಹಾಲಮ್ಮನವರ ಒಪ್ಪಿಗೆ ಕೇಳಿ ಅಳಿಯನಿಗೆ ಕಾಗದ ಹಾಕಿದ್ದೆ. ಪತ್ರಿಕೆಯಲ್ಲಿ ಬರುತ್ತದಲ್ಲ. ಅವರು ಅಳಿಯನ ಕೈಲಿ ಬರೆಸಿದ ಉತ್ತರ ನಿನ್ನೆ ಬಂತು. ‘ಬರೀಲಿ. ಆದ್ರೆ ಬ್ಯಾಳೆ ಹದವಾಗೇ ಬೇಯಿಸಿದ್ದೆ ಅಂತಾನೂ ಬರೀಲಿ.’

ಬರೆಯುತ್ತೇನೆ ಅಕ್ಕಾ. ಬೇಳೆ ಹದವಾಗಿಯೇ ಬೆಂದಿತ್ತು.

ಗಿರಿಜಾ, ಮಂಜು, ಈ ಹಾಳೆಗಳನ್ನು ಪುಸ್ತಕದ ಬೈಂಡಿಗೆ ಹಾಕದೆ, ಗಾಳಿಪಟ ಮಾಡದೆ ಜೋಪಾನವಾಗಿ ಇಡಿ. ಇನ್ನೆರಡು ತಿಂಗಳಲ್ಲಿ ಹುಟ್ಟುವ ಕೂಸಿಗೆ ಓದಲು ಬಂದ ಮೇಲೆ ಕೊಡಿ. ತನ್ನ ಇಬ್ಬರು ಅಜ್ಜಿಯರು ಮೊಟ್ಟಮೊದಲು ಕೈ ಕೈ ಹಿಡಿದು ಜಗಳವಾಡಿದ್ದು ಯಾರಿಗಾಗಿ ಎಂದು ಅದಕ್ಕೂ ಗೊತ್ತಿರಬೇಡವೇ?